ಗಂಟಿನ ಕೆಳಗಿನ ಹುಕ್ಕು

ಇನ್‌ಸ್ಪೆಕ್ಟರ್ ರಫ್ತಿನ ಪೆಟ್ಟಿಗೆಯಿಂದ ಒಂದು ಕುಬಸ ತೆಗೆದು ಅದರ ಮುಂಗಂಟು ಬಿಚ್ಚಿದ. ಗಂಟು ಬಿಚ್ಚಿದರೂ ಕುಬಸ ಬಿಚ್ಚಲಿಲ್ಲ. ಒಳಗೆ ಬೆರಳು ಹಾಕಿ ನೋಡಿದರೆ ಮಡಿಕೆಯಲ್ಲಿ ಒಂದು ಪುಟ್ಟ ಹುಕ್ಕು. ಇನ್ನೊಂದು ತೆಗೆದ, ಅದರಲ್ಲೂ ಹುಕ್ಕು. ವಿದೇಶಕ್ಕೆ ಹೊರಟಿದ್ದ ಪೆಟ್ಟಿಗೆಗಳನ್ನೆಲ್ಲ ತಡೆಹಿಡಿದು, ಚಹಾ ಕೂಡ ಕುಡಿಯದೆ ಹೊರಟುಹೋದ. ಎಮರ್ಜೆನ್ಸಿಯ ಕಾಲ, ಇನ್‌ಸ್ಪೆಕ್ಟರುಗಳಿಗೆ ಚಹಾ ಎಂದರೂ ಭಯ.

ಮ್ಯಾನೇಜರ್ ತಿರುಮಲೇಶ ಮಾಲೀಕ ಸೇಠಜಿಗೆ ಫೋನು ಮಾಡಿ ಬಂದು, ಒಂದು ಕುಬಸ ಎತ್ತಿ ಹಿಡಿದ.

"ಯಾರು ಇಟ್ಟಿದ್ದು ಈ ಹುಕ್ಕು?"

"ನಾನಽ ಇಡಿಸೇನ್ರಿ ಸಾಹೇಬ್ರ." ಬಸಲಿಂಗವ್ವ ಎದ್ದು ನಿಂತಳು. ಕಾಂದಿವಲಿಯ ತನ್ನ ಚಾಳಿನ ಹೆಂಗಸರನ್ನೆಲ್ಲ ಲೋವರ್ ಪರೇಲಿನ ಈ ಹೊಲಿಗೆ ಕೆಲಸಕ್ಕೆ ಕರೆತಂದವಳು ಅವಳೇ. ಶಹಬ್ಬಾಸ್ ಎನ್ನುತ್ತಾರೆಂದೇ ಪಾಪ, ಅವಳು ಎದ್ದದ್ದು.

"ಬರೀ ಗಂಟು ಅಂತ ಹೇಳಿದ್ದೆ ಅಲ್ವೇನಮ್ಮ?"

"ಗಂಟೂ ಐತಲ್ರಿ! ಬರೇ ಗಂಟಿದ್ರ ಲೋಕಲ್ ಗಾಡಿ ಗದ್ದಲದಾಗ ಬಿಚ್ಚತೈತಿ. ದಾದರದಾಗ ನನ್ನದಽ ಬಿಚ್ಚಿತ್ತು. ಈ ಸುಂದ್ರವ್ವ ತನ್ನ ಸೆರಗ ಹೊಚ್ಚಿ ನನ್ನ ಮಾನಾ ಉಳಿಸಿದ್ಳು. ಅವತ್ತಿಂದ ಬುಡಕ ಹುಕ್ಕ ಇಟಗೊಂಡೀನಿ. ಆ ದೇಶದ ಹೆಣ್ಮಕ್ಕಳಿಗೂ ಗದ್ದಲ ಇರತೈತಲ್ರಿ?"

ತಿರುಮಲೇಶ ಪೆಟ್ಟಿಗೆಯ ಮೇಲೆ ಕುಸಿದು ಕೂತ.

"ಆ ದೇಶದವರಿಗೂ ನಮ್ಮ ಸರ್ಕಾರಕ್ಕೂ ಒಪ್ಪಂದ ಆಗಿದೆ. ಫ್ಯಾಕ್ಟರಿ ಬಟ್ಟೆ ವರ್ಷಕ್ಕೆ ಇಷ್ಟೇ ಅಂತ. ಅದು ಮುಗಿದುಹೋಗಿದೆ. ಹಳ್ಳಿ ಥರದ್ದು, ಗಂಟು ಕಟ್ಟೋದು ಆದ್ರೆ ಮಾತ್ರ ಎಷ್ಟಾದ್ರೂ ಕಳಿಸಬಹುದು. ಹುಕ್ಕು ಕಂಡರೆ ಅವರಿಗೆ ಇದೂ ಫ್ಯಾಕ್ಟರಿ ಬಟ್ಟೇನೇ."

"ತಗೀತೀವ್ರಿ. ಈಗಽ ಎಲ್ಲಾರೂ ಕುಂತು ತಗೀತೀವಿ."

"ಹಡಗು ನಾಳೆ ಹೊರಡುತ್ತಮ್ಮ. ಈ ಪೆಟ್ಟಿಗೆ ಬಿಡಿಸೋ ಹೊತ್ತಿಗೆ ಕೊಳ್ಳೋರು ಬೇರೆ ಕಡೆ ನೋಡ್ಕೊಂಡಿರ್ತಾರೆ. ಕುಬಸದ ಕೆಲಸ ಇವತ್ತಿಗೇ ನಿಲ್ಲಿಸಿ ಅಂದ್ರು ಸೇಠಜಿ." ಅವನು ತಲೆ ಎತ್ತಲಿಲ್ಲ. "ನೀವು ಯಾರೂ ನಾಳೆಯಿಂದ ಬರೋದು ಬೇಡ."

ಹೆಂಗಸರು ಸೂಜಿ, ಕತ್ತರಿಗಳನ್ನು ಡಬ್ಬಿಗೆ ಹಾಕಿದರು. ಯಾರೂ ಬಸಲಿಂಗವ್ವನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೆಳಿಗ್ಗೆ ಇದೇ ಹೆಂಗಸರು ಅವಳ ಕೈಯಿಂದ ಎಲೆ ಅಡಿಕೆ ಕಿತ್ತುಕೊಂಡು ತಿಂದಿದ್ದರು. ಸುಂದ್ರವ್ವನ ಗಂಡ ಕಟ್ಟಡದ ಮೇಲಿಂದ ಬಿದ್ದು ಹಾಸಿಗೆ ಹಿಡಿದಿದ್ದ, ಆ ಮನೆಯ ಒಲೆ ಉರಿಯುತ್ತಿದ್ದುದು ಈ ಕುಬಸಗಳಿಂದಲೇ. ಸ್ಟೇಶನ್ನಿನವರೆಗೂ ಸುಂದ್ರವ್ವ ಮುಂದೆ ಮುಂದೆ ನಡೆದಳು.

"ಸುಂದ್ರಿ, ನನಗೇನ ಗೊತ್ತಿತ್ತಬೇ?" ಎಂದು ಬಸಲಿಂಗವ್ವ ಹಿಂದಿನಿಂದ ಕೂಗಿದಳು. ಸುಂದ್ರವ್ವ ತಿರುಗಲಿಲ್ಲ.

ಲೇಡೀಸ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾದರದಲ್ಲಿ ಇನ್ನಷ್ಟು ಜನ ನುಗ್ಗಿದರು. ಯಾರದೋ ಮೊಣಕೈ ತಾಗಿ ಬಸಲಿಂಗವ್ವನ ಸೆರಗು ಜಾರಿತು, ಕುಬಸದ ಗಂಟು ಬಿಚ್ಚಿಕೊಂಡಿತು. ಮೇಲಿನ ಕಂಬಿ ಹಿಡಿದ ಕೈ ಕೆಳಗೆ ತರಲಾಗಲಿಲ್ಲ. ಎದುರಿಗೇ ನಿಂತಿದ್ದ ಸುಂದ್ರವ್ವ ಅದನ್ನು ನೋಡಿದಳು. ನೋಡಿ, ತನ್ನ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದು ಕಿಟಕಿಯ ಕಡೆ ಮುಖ ಮಾಡಿದಳು.

ಗಾಡಿ ಹೊರಟಿತು. ಹುಕ್ಕು ಬಿಚ್ಚಲಿಲ್ಲ.