ಹೌದು ಅಂಗಡಿ

ಮೂರು ತಲೆಮಾರಿನ ಆ ಔಷಧಿ ಅಂಗಡಿಯನ್ನು ಊರವರು ಕರೆಯುತ್ತಿದ್ದುದು 'ಹೌದು ಅಂಗಡಿ' ಎಂದು. ಬೋರ್ಡಿನ ಮೇಲೆ ಬೇರೇನೋ ಹೆಸರಿತ್ತು. ಬಣ್ಣ ಬಳಿದವನನ್ನು ಬಿಟ್ಟರೆ ಯಾರೂ ಅದನ್ನು ಓದಿದಂತಿಲ್ಲ. ಅಜ್ಜ ಒಮ್ಮೆ ಅವಸರದಲ್ಲಿ ತಪ್ಪು ಶೀಸೆ ಕೊಟ್ಟು, ಒಂದು ಮಗು ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಅಂದಿನಿಂದ ಮನೆಯ ಕಟ್ಟಳೆ: ಒಬ್ಬರು ಚೀಟಿಯನ್ನು ಜೋರಾಗಿ ಓದಿ ಮಾತ್ರೆ ತೆಗೆಯಬೇಕು, ಇನ್ನೊಬ್ಬರು ಎರಡನ್ನೂ ನೋಡಿ 'ಹೌದು' ಎನ್ನಬೇಕು. ಆಮೇಲೆಯೇ ಪೊಟ್ಟಣ ಕಟ್ಟುವುದು. ಅಜ್ಜಿ ಮುನಿಸಿಕೊಂಡು ಮಾತು ಬಿಟ್ಟ ವರ್ಷ ಅಜ್ಜನಿಗೆ ಅವಳ ಬಾಯಿಂದ ಸಿಕ್ಕಿದ್ದು ಅದೊಂದೇ ಮಾತಂತೆ.

ಈಗ ಓದುವವಳು ಮೊಮ್ಮಗಳು, ಹೌದು ಎನ್ನುವವನು ಅವಳ ಅಪ್ಪ. ವರ್ಷದಿಂದ ಅಪ್ಪ ಚಹಾ ಲೋಟಕ್ಕೆ ತಡಕಾಡುವುದನ್ನು ಅವಳು ಕಂಡಿದ್ದಳು. ಕಣ್ಣಿನ ಮಾತೆತ್ತಿದರೆ ಅವನನ್ನು ಕುರ್ಚಿಯಿಂದ ಎಬ್ಬಿಸಿದಂತಾಗುತ್ತದೆಂದು ಸುಮ್ಮನಿದ್ದಳು. ಅದು ಪ್ರೀತಿಯೇ, ಆದರೆ ಕೆಟ್ಟ ಪ್ರೀತಿ.

ಎದುರಿನ ದರ್ಜಿಯ ಹೆಂಡತಿಗೆ ರಕ್ತ ತೆಳುಮಾಡುವ ಮಾತ್ರೆ ಬೇಕಿತ್ತು, ಅರ್ಧ ಮಿಲಿಗ್ರಾಮಿನದು. ಮಗಳು 'ಅರ್ಧ' ಎಂದೇ ಓದಿದಳು. ಕೈ ಮಾತ್ರ ಪಕ್ಕದ ಡಬ್ಬಿಯಿಂದ ಐದರದ್ದನ್ನು ತೆಗೆಯಿತು. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು "ಹೌದು" ಎಂದ. ಹನ್ನೊಂದನೆಯ ದಿನ ದರ್ಜಿಯ ಹೆಂಡತಿ ತಲೆಯೊಳಗೆ ರಕ್ತ ಸೋರಿ ತೀರಿಕೊಂಡಳು.

ಮರುವಾರ ದರ್ಜಿ ಉಳಿದ ಮಾತ್ರೆ ಹಿಡಿದು ಬಂದ.

"ತಗೋಮ್ಮ, ಬೇರೆ ಯಾರಿಗಾದ್ರೂ ಆಗುತ್ತೆ. ಡಾಕ್ಟ್ರು ಕೇಳಿದ್ರು, ಮಾತ್ರೆ ಏನಾದ್ರೂ ಹೆಚ್ಚಾಗಿತ್ತಾ ಅಂತ. ಹೌದು ಅಂಗಡೀದು, ಹಂಗಾಗಲ್ಲ ಅಂದೆ."

ಮಗಳು ಮಾತ್ರೆಯ ಹಾಳೆಯನ್ನು ತಿರುಗಿಸಿ ನೋಡಿದಳು. ಐದರದ್ದು. ಕಸದ ಬುಟ್ಟಿಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಅಂಗಡಿಯೂ ಉಳಿಯುತ್ತದೆ, ಅಪ್ಪನ ಮಾನವೂ ಉಳಿಯುತ್ತದೆ. ಆ ಆಸೆ ಅವಳಿಗೆ ನಿಜಕ್ಕೂ ಆಯಿತು.

"ಮಾಮ, ಚೀಟಿ ಇದೆಯಾ?"

ಅವನು ಜೇಬಿನಿಂದ ತೆಗೆದುಕೊಟ್ಟ. ಅವಳು ದಿನದಂತೆ ಜೋರಾಗಿ ಓದಿದಳು.

"ಚೀಟೀಲಿರೋದು ಅರ್ಧ. ನಾನು ಕೊಟ್ಟಿರೋದು ಐದು."

ಎರಡನ್ನೂ ಅಪ್ಪನ ಕೈಯಲ್ಲಿಟ್ಟಳು.

ಅಪ್ಪ ಈ ಸಲ ಅವನ್ನು ಮೂಗಿನ ಹತ್ತಿರ ಒಯ್ಯಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ದರ್ಜಿ ಇರುವನೆಂದುಕೊಂಡ ಕಡೆಗೆ ಮುಖ ತಿರುಗಿಸಿದ. ಅಲ್ಲಿದ್ದುದು ಗೂಟಕ್ಕೆ ತೂಗುಹಾಕಿದ ಮಗಳ ಬಿಳಿ ಕೋಟು.

"ಹೌದು," ಎಂದ ಅದಕ್ಕೆ.