ಜಗಲಿಯಲ್ಲಿ ನಡೆದ ಆನ್‌ಲೈನ್ ಚರ್ಚೆ

ಗುಂಪು ಚರ್ಚೆಯಲ್ಲಿ ನನಗೆ ಇಪ್ಪತ್ತಕ್ಕೆ ಇಪ್ಪತ್ತು, ಮೋಕ್ಷಿತಾಗೆ ಸೊನ್ನೆ. ಮೈ ಉರಿಯದೆ ಇನ್ನೇನಾಗಬೇಕು?

ನಾವಿಬ್ಬರೂ ಪಂಜದ ಕಡೆಯ ಒಂದು ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುವವರು. ಆನ್‌ಲೈನ್ ತರಬೇತಿ ಪಾಸಾಗದಿದ್ದರೆ ಜೂನ್‌ನಿಂದ ಬರುವುದು ಬೇಡ ಎಂದು ಆಡಳಿತ ಮಂಡಳಿ ಹೇಳಿಬಿಟ್ಟಿತ್ತು. ಮೋಕ್ಷಿತಾ ಹೊಸಬಳು, ಸ್ಟಾಫ್ ರೂಮಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. ಅವಳ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುವುದಿಲ್ಲವೆಂದು ಚರ್ಚೆಯ ದಿನ ನಮ್ಮಲ್ಲಿಗೇ ಕರೆದೆ. ನನ್ನ ಮೊಬೈಲನ್ನು ಜಗಲಿಯ ಕಂಬಕ್ಕೆ ಒರಗಿಸಿ ಜೊತೆಯಾಗಿ ಕೂತೆವು. ಗುಂಪಿನ ಮೂರನೆಯವಳು ದೀಕ್ಷಿತಾ ಸವಣೂರಿನಿಂದ ಸೇರಿಕೊಂಡಳು. ಗುಂಪು ಕೆಲಸವೆಂದರೆ ಒಟ್ಟಿಗೆ ಕೂತು ಮಾಡುವುದು ಎಂದು ತಿಳಿದದ್ದೇ ನಮ್ಮ ತಪ್ಪು.

ವಿಷಯ, ಮಾತಾಡದ ಮಗುವನ್ನು ಮಾತಿಗೆ ತರುವುದು ಹೇಗೆ ಎಂಬುದು. ನಾನು ಪಾಠದಲ್ಲಿದ್ದುದನ್ನು ಒದರಿದೆ. ದೀಕ್ಷಿತಾ ಹೂಂ ಎಂದಳು. ಆಗ ಮೋಕ್ಷಿತಾ ಶುರುಮಾಡಿದಳು.

"ನನ್ನ ಕ್ಲಾಸಲ್ಲಿ ಒಬ್ಬ ಇದ್ದಾನೆ. ಮನೆಯಲ್ಲಿ ಗೌಡರ ಅರೆಭಾಷೆ, ಶಾಲೆಯಲ್ಲಿ ಮಾತೇ ಇಲ್ಲ. ಒಂದಿನ ನಾನು ಅರೆಭಾಷೆಯಲ್ಲೇ ಅವನ ನಾಯಿಯ ಹೆಸರು ಕೇಳಿದೆ. ಮತ್ತೆ ಅವನನ್ನು ನಿಲ್ಲಿಸ್ಲಿಕ್ಕೇ ಆಗ್ಲಿಲ್ಲ!"

"ಹಾಗಾದ್ರೆ ಅವ ಕನ್ನಡ ಕಲಿಯುದು ಯಾವಾಗ?" ಎಂದು ಬೇಕೆಂದೇ ಕೆಣಕಿದೆ.

"ಮೊದಲು ಬಾಯಿ ತೆಗೀಲಿ ಸತ್ಯಕ್ಕ. ಬಾಯಿ ತೆಗೆದವನಿಗೆ ಯಾವ ಭಾಷೆಯೂ ಬರ್ತದೆ."

ನಾನು ಸೋತೆ. ಸೋತು ಅಷ್ಟು ಖುಷಿಪಟ್ಟದ್ದು ಅದೇ ಮೊದಲು.

ಫಲಿತಾಂಶ ನೋಡಿದರೆ ಹೀಗೆ. ಹೂಂ ಎಂದ ದೀಕ್ಷಿತಾಳಿಗೂ ಹದಿನೆಂಟು! ಅವತ್ತು ಚರ್ಚೆ ಕೇಳುತ್ತಾ ಕೂತಿದ್ದ ತರಬೇತಿಯ ಸಂಯೋಜಕರಿಗೆ ಫೋನ್ ಮಾಡಿದೆ.

"ಅವಳು ಮಾತಾಡಿದ್ದು ನೀವೇ ಕೇಳಿದ್ದೀರಲ್ಲ ಸರ್?"

"ಕೇಳಿದ್ದೇನೆ ಮೇಡಂ, ಚೆಂದ ಮಾತಾಡಿದ್ರು. ಆದ್ರೆ ಅವರು ಲಾಗಿನ್ ಆಗ್ಲಿಲ್ಲ. ಕಂಪ್ಯೂಟರಲ್ಲಿ ಅದೆಲ್ಲ ನಿಮ್ಮ ಹೆಸರಲ್ಲಿ ಉಂಟು."

"ಹಾಗಾದ್ರೆ ನನ್ನ ಅಂಕ ತೆಗೆದು ಅವಳಿಗೆ ಕೊಡಿ ಮಾರಾಯ್ರೆ!"

"ಅದು ಆಗುದಿಲ್ಲ. ಇನ್ನೊಂದು ಅವಕಾಶ ಕೊಡ್ತೇನೆ. ಅವರದ್ದೇ ಫೋನಿಂದ ಬಂದು, ಚರ್ಚೆಯ ಪುಟದಲ್ಲಿ ನೀವಿಬ್ಬರು ಬರೆದದ್ದರ ಕೆಳಗೆ ಮೂರು ಕಮೆಂಟ್ ಹಾಕ್ಲಿ, ಸಾಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಕಂಪ್ಯೂಟರೇ ಪೂಜಾರಿ. ಫೋನಿಟ್ಟ ಮೇಲೂ ಅರ್ಧ ಗಂಟೆ ಬೈದೆ, ಕೇಳುವವರು ಯಾರೂ ಇರಲಿಲ್ಲ.

ಶನಿವಾರ ಮೋಕ್ಷಿತಾ ಸಿಗ್ನಲ್ ಹುಡುಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಳು. ದೀಕ್ಷಿತಾ ಬರೆದದ್ದಕ್ಕೆ "ಒಳ್ಳೆಯ ಅಭಿಪ್ರಾಯ" ಎಂದು ಹಾಕಿದಳು. ನಾನು ಬರೆದದ್ದಕ್ಕೂ ಅದನ್ನೇ, ಮತ್ತೊಮ್ಮೆಯೂ ಅದನ್ನೇ.

ಸೋಮವಾರ ಸ್ಟಾಫ್ ರೂಮಿನಲ್ಲಿ ಅವಳೇ ನನ್ನ ಹತ್ತಿರ ಬಂದಳು. ಮುಖದಲ್ಲಿ ಎಷ್ಟು ನೆಮ್ಮದಿ!

"ಪಾಸಾಯ್ತು ಸತ್ಯಕ್ಕ. ಅವತ್ತು ಸುಮ್ಮನೆ ಅಷ್ಟೆಲ್ಲ ಮಾತಾಡಿದೆ ನಾನು."