ಸೀಸನ್ನಿಗೆ ಮುಂಚಿನ ಹೆರಿಗೆ

ಶಾಲೆ ತೆರೆಯುವ ಮುಂಚಿನ ಒಂದೂವರೆ ತಿಂಗಳು ಟೇಪಮ್ಮನ ಹೊಲಿಗೆ ಅಂಗಡಿಯಲ್ಲಿ ಆಕಳಿಸಲೂ ಪುರುಸೊತ್ತು ಇರುವುದಿಲ್ಲ. ಆಕೆಯ ನಿಜವಾದ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಅಳತೆಯ ಟೇಪನ್ನು ಎದ್ದಾಗ ಕೊರಳಿಗೆ ಹಾಕಿಕೊಂಡರೆ ತೆಗೆಯುವುದು ಮಲಗುವಾಗಲೇ, ಹಾಗಾಗಿ ಟೇಪಮ್ಮ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂರು ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ. ಸುತ್ತಲಿನ ಮಕ್ಕಳೆಲ್ಲ ಯೂನಿಫಾರ್ಮ್ ಹೊಲಿಸುವುದು ಇಲ್ಲೇ. ವರ್ಷದ ಅರ್ಧ ಅನ್ನ ಆ ಒಂದೂವರೆ ತಿಂಗಳಲ್ಲೇ ಹುಟ್ಟಬೇಕು. ಅದಕ್ಕೇ ಆ ಮನೆಯಲ್ಲಿ ಎಲ್ಲವೂ ಸೀಸನ್ನಿನ ಮುಖ ನೋಡಿಕೊಂಡೇ ನಡೆಯುವುದು. ಹಲ್ಲುನೋವು ಬಂದರೂ ಸೀಸನ್ ಮುಗಿಯಲಿ, ನೆಂಟರ ಮನೆಗೆ ಹೋಗುವುದಿದ್ದರೂ ಸೀಸನ್ ಮುಗಿಯಲಿ. ಹೆರಿಗೆ ಮಾತ್ರ ಸೀಸನ್ನಿಗೆ ಮುಂಚೆ ಆಗಬೇಕು.

ಈ ವರ್ಷ ಬಟ್ಟೆಯ ಥಾನುಗಳು ಬಂದು ಬಿದ್ದ ದಿನವೇ ಟೇಪಮ್ಮ ಮಾತು ತೆಗೆದಳು. ಚಿಕ್ಕಸೊಸೆಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿತ್ತು. ಡಾಕ್ಟರು ಹೇಳಿದ್ದ ದಿನ ಸರಿಯಾಗಿ ಸೀಸನ್ನಿನ ನಟ್ಟನಡುವೆ ಬರುತ್ತಿತ್ತು.

"ಇವಳಿಗೂ ಹೋದ ವರ್ಷದ ಹಾಗೇ ಮೊದಲೇ ಆಪರೇಷನ್ ಮಾಡಿಸಿಬಿಡೋಣ," ಎಂದಳು ಟೇಪಮ್ಮ, ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ. "ಮೂರು ವಾರ ಮುಂಚೆ ಅಂದ್ರೆ ಏನು ಮಹಾ? ಸೀಸನ್ ಜೋರಾಗೋ ಹೊತ್ತಿಗೆ ಎದ್ದು ಕೂತ್ಕೋತಾಳೆ. ಗುಂಡಿಯಾದ್ರೂ ಹಾಕ್ತಾಳೆ."

ಪಕ್ಕದ ಮೆಷಿನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದ ದೊಡ್ಡಸೊಸೆಯ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

ಹೋದ ವರ್ಷ ಅಂದರೆ ಅವಳದ್ದೇ ಹೆರಿಗೆ. ಅವಳಷ್ಟು ನಯವಾಗಿ ಕಾಲರ್ ಕೂರಿಸುವವರು ಆ ಬೀದಿಯಲ್ಲಿ ಇಲ್ಲ, ಅವಳಿಲ್ಲದೆ ಸೀಸನ್ ನಡೆಯುವುದಿಲ್ಲ. ಅತ್ತೆ ಆಸ್ಪತ್ರೆಗೆ ಹೋಗಿ ಮಾತಾಡಿದಳು, ಗಂಡ ತಲೆಯಾಡಿಸಿದ, ಆಸ್ಪತ್ರೆಯವರು ದಿನ ಕೊಟ್ಟರು. ಬಸುರಿಯನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹೆಣ್ಣುಮಗು ಹುಟ್ಟಿತು. ನೋಡಲು ಪುಟ್ಟದಾಗಿ ಮುದ್ದಾಗಿಯೇ ಇತ್ತು. ಆದರೆ ಉಸಿರು ಎಳೆದಾಗಲೆಲ್ಲ ಅದರ ಎದೆ ಗುಳಿ ಬೀಳುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು, ಮೂಗಿಗೆ ಕೊಳವೆ ಹಾಕಿದರು. ವಾರ ತುಂಬುವುದರೊಳಗೆ ಹೋಗಿಬಿಟ್ಟಿತು.

ಹಣೆಬರಹ ಎಂದರು ಎಲ್ಲರೂ. ಹೊಟ್ಟೆಯ ಗಾಯ ಮಾಯುವ ಮೊದಲೇ ಅವಳು ಮೆಷಿನ್ನಿಗೆ ಕೂತಳು. ಕೂರಿಸಿದರು ಎಂದರೂ ತಪ್ಪಲ್ಲ. ಮಲಗಿದರೆ ಯೋಚನೆ ಹೆಚ್ಚುತ್ತದೆ, ಕೆಲಸ ಮಾಡಿದರೆ ಮರೆಯುತ್ತದೆ ಎಂದು ಟೇಪಮ್ಮ ಹೇಳಿದ್ದಳು. ಪೆಡಲು ತುಳಿದು ತುಳಿದು ಹೊಟ್ಟೆಯ ಹೊಲಿಗೆ ಬಿಟ್ಟುಕೊಂಡು ಕೀವಾಯಿತು. ಊರಿನ ಮಕ್ಕಳ ಅಂಗಿಗಳನ್ನು ಹೊಲಿಯುತ್ತಾ ಕೂತವಳ ರವಿಕೆ ಹಾಲಿನಿಂದ ಒದ್ದೆಯಾಗುತ್ತಿತ್ತು. ಅಷ್ಟು ದೊಡ್ಡ ಮನೆಯಲ್ಲಿ ಅದನ್ನು ಕಂಡವರು ಇರಲಿಲ್ಲ, ಅಥವಾ ಕಂಡರೂ ಕಾಣದವರ ಹಾಗಿದ್ದರು.

ಮಾರನೇ ದಿನ ಬೆಳಗ್ಗೆ ನರ್ಸಕ್ಕ ಬಂದಳು. ಬೀದಿಯ ಬಸುರಿ ಬಾಣಂತಿಯರನ್ನೆಲ್ಲ ನೋಡಿಕೊಂಡು ಹೋಗುವುದು ಅವಳ ಕೆಲಸ. ಚಿಕ್ಕಸೊಸೆಯ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದಳು, ಕಾಲು ಒತ್ತಿ ಊತವಿದೆಯೇ ನೋಡಿದಳು, ಹೊಟ್ಟೆ ಮುಟ್ಟಿ ಮಗು ಹೇಗಿದೆ ನೋಡಿದಳು.

"ಎಲ್ಲ ಚೆನ್ನಾಗಿದೆ. ಮಗುನೂ ತಲೆ ಕೆಳಗೆ ಮಾಡ್ಕೊಂಡು ಜಾಣಮರಿ ಹಾಗೆ ಕೂತಿದೆ," ಎಂದಳು.

"ಎಲ್ಲಾ ಚೆನ್ನಾಗಿದೆ ಅಂದಮೇಲೆ ಆಪರೇಷನ್ನೂ ಸಲೀಸಾಗಿ ಆಗುತ್ತೆ ಬಿಡು," ಎಂದಳು ಟೇಪಮ್ಮ. "ನಾಡಿದ್ದು ಆಸ್ಪತ್ರೆಗೆ ಹೋಗಿ ದಿನ ಗೊತ್ತುಮಾಡ್ಕೊಂಡು ಬರ್ತೀವಿ."

ನರ್ಸಕ್ಕ ಪಟ್ಟಿ ಸುತ್ತಿಡುತ್ತಿದ್ದವಳು ತಲೆಯೆತ್ತಿದಳು. "ಯಾಕಮ್ಮಾ? ಡಾಕ್ಟರು ಏನಾದ್ರೂ ತೊಂದರೆ ಇದೆ ಅಂದ್ರಾ?"

"ಅವರ‍್ಯಾಕೆ ಅಂತಾರೆ? ನಾವೇ ಕೇಳ್ತೀವಿ. ಈಗ ಎಲ್ಲರ ಮನೇಲೂ ಅದೇ ತಾನೆ? ನೋವಿಲ್ಲ, ಕೂಗಾಟ ಇಲ್ಲ, ಹೇಳಿದ ದಿನಕ್ಕೆ ಕೆಲಸ ಮುಗಿಯುತ್ತೆ."

"ಅದು ಅಂಗಿ ಅಲ್ಲಮ್ಮಾ, ಹೇಳಿದ ದಿನಕ್ಕೆ ಮುಗಿಸೋಕೆ," ಎಂದು ನರ್ಸಕ್ಕ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಆಪರೇಷನ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಲ್ಲ. ನನ್ನ ತಂಗಿ ಇವತ್ತು ಬದುಕಿರೋದೇ ಅದರಿಂದ. ಮಗು ಅಡ್ಡ ಇದ್ರೆ, ರಕ್ತ ಹೋಗ್ತಾ ಇದ್ರೆ, ಮಗುವಿನ ಎದೆಬಡಿತ ಇಳಿದ್ರೆ, ಒಂದು ಗಳಿಗೆನೂ ತಡ ಮಾಡಬಾರದು. ಆದ್ರೆ ಕಾರಣ ಇಲ್ಲದೆ, ದಿನ ತುಂಬದೆ ತೆಗೆದ್ರೆ? ಕೊನೆಯ ಆ ಎರಡು ಮೂರು ವಾರದಲ್ಲೇ ಮಗುವಿನ ಶ್ವಾಸಕೋಶ ಸರಿಯಾಗಿ ಬಲಿಯೋದು. ಮೊದಲೇ ತೆಗೆದ ಕೆಲವು ಮಕ್ಕಳು ಉಸಿರಾಡೋಕೇ ಒದ್ದಾಡ್ತವೆ. ತಾಯಿಗೂ ಅದು ಹೊಟ್ಟೆ ಕೊಯ್ಯೋ ದೊಡ್ಡ ಆಪರೇಷನ್ನೇ, ಸುಧಾರಿಸ್ಕೊಳ್ಳೋಕೆ ವಾರಗಟ್ಟಲೆ ಬೇಕು. ಮುಂದಿನ ಬಸಿರಿನಲ್ಲೂ ಆ ಗಾಯದ ಮೇಲೆ ಕಣ್ಣಿಟ್ಟಿರಬೇಕು."

ಚಿಕ್ಕಸೊಸೆ ಮೆಲ್ಲಗೆ ಹೇಳಿದಳು, "ನಂಗೆ ನೋವು ಅಂದ್ರೆ ಭಯ ಅಕ್ಕಾ. ಅದಕ್ಕೇ ಅತ್ತೆ ಹೇಳಿದಾಗ ಹೂಂ ಅಂದೆ."

"ಭಯ ಆಗೋದು ತಪ್ಪಲ್ಲ ಕಣಮ್ಮ. ಅದನ್ನ ಡಾಕ್ಟರ ಹತ್ರ ಬಾಯಿಬಿಟ್ಟು ಹೇಳು. ನೋವು ಕಡಿಮೆ ಮಾಡೋ ದಾರಿ ಇದೆ, ಜೊತೆಗೆ ಒಬ್ಬರು ಇರಬಹುದು. ಎಲ್ಲ ಕೇಳಿ ತಿಳ್ಕೊಂಡು ನೀನೇ ಆಪರೇಷನ್ ಬೇಕು ಅಂದ್ರೆ ಅದು ನಿನ್ನ ಮಾತು. ಆಗ್ಲೂ ಮೂವತ್ತೊಂಬತ್ತು ವಾರ ತುಂಬಬೇಕು. ಸೀಸನ್ನಿಗೋಸ್ಕರ ಮಾತ್ರ ಬೇಡ."

ಮೆಷಿನ್ನಿನ ಮುಂದೆ ಕೂತಿದ್ದ ದೊಡ್ಡಸೊಸೆ ಕೇಳಿದಳು.

"ಹಾಗಾದ್ರೆ ನನ್ನ ಮಗು?"

ನರ್ಸಕ್ಕ ಅವಳ ಪಕ್ಕಕ್ಕೆ ಬಂದು ಕೂತಳು. ಹೋದ ವರ್ಷ ನರ್ಸಕ್ಕ ಬೇರೆ ಕಡೆ ಕೆಲಸದಲ್ಲಿದ್ದಳು. ಈ ಬೀದಿಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. "ಅದರಿಂದಲೇ ಹೋಯ್ತು ಅಂತ ನಾನು ಖಂಡಿತವಾಗಿ ಹೇಳಲಾರೆ," ಎಂದಳು. "ಕಾದಿದ್ರೆ ಉಳೀತಿತ್ತು ಅಂತಲೂ ಆಣೆ ಮಾಡಲಾರೆ. ಆದ್ರೆ ಕಾದಿದ್ರೆ ಅದಕ್ಕೆ ಇನ್ನಷ್ಟು ಶಕ್ತಿ ಬರ್ತಿತ್ತು. ಅದು ಮಾತ್ರ ನಿಜ."

ಟೇಪಮ್ಮನ ಮುಖ ಕೆಂಪಾಯಿತು. "ಅಂದ್ರೆ? ನಾನೇ ಕೊಂದೆ ಅಂತೀಯಾ? ನನ್ನ ಮೊಮ್ಮಗಳನ್ನ ನಾನೇ ಕೊಂದೆ ಅಂತೀಯಾ?" ಎಂದು ಕೂಗಿ, ಇಸ್ತ್ರಿಪೆಟ್ಟಿಗೆಯ ಹತ್ತಿರ ಹೋಗಿ ನಿಂತಳು. ಅದು ತಣ್ಣಗಿತ್ತು. ಆದರೂ ಒಂದು ಅಂಗಿಯನ್ನು ಹಾಸಿ ಉಜ್ಜುತ್ತಲೇ ಇದ್ದಳು.

ದೊಡ್ಡಸೊಸೆಗೆ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟಿಗೂ ಒಳಗೆ ಏನಾದರೂ ಉಳಿದಿರಬೇಕಲ್ಲ. ಇಷ್ಟು ದಿನ ಹಣೆಬರಹ ಎಂಬ ಒಂದು ಮಾತಿಗೆ ಒರಗಿಕೊಂಡು ಬದುಕಿದ್ದಳು. ಈಗ ಅದೂ ಹೋಯಿತು. ಅತ್ತೆಯ ಹಟ ಯಾಕೆಂದು ಅವಳಿಗೆ ಅರ್ಥವಾಯಿತು: ಚಿಕ್ಕಸೊಸೆಗೆ ಕಾಯೋಣ ಎಂದು ಒಪ್ಪಿದರೆ, ಹೋದ ವರ್ಷ ಕಾಯಬಹುದಿತ್ತು ಎಂದು ಒಪ್ಪಿದ ಹಾಗೆ. ಆ ಮನೆಯಲ್ಲಿ ಅದನ್ನು ಒಪ್ಪುವ ಎದೆ ಯಾರಿಗೂ ಇರಲಿಲ್ಲ. ಹಾಗೆಂದು ಬಿಟ್ಟರೆ ಇನ್ನೊಂದು ಮಗುವೂ ಹೋದೀತು.

ದಿನ ಗೊತ್ತುಮಾಡಲು ಅತ್ತೆ ಚಿಕ್ಕಸೊಸೆಯನ್ನು ಕರೆದುಕೊಂಡು ಹೊರಟಾಗ ಅವಳೂ ಆಸ್ಪತ್ರೆಗೆ ಹೊರಟಳು. "ಕಾಲರ್ ಯಾರು ಹೊಲೀತಾರೆ?" ಎಂದು ಟೇಪಮ್ಮ ಗೊಣಗಿದರೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಡಾಕ್ಟರಮ್ಮನ ಕೋಣೆಯ ಹೊರಗೆ ಬಸುರಿಯರ ಸಾಲು ಮೆಟ್ಟಿಲಿನವರೆಗೂ ಇತ್ತು. ಒಳಗೆ ಹೋದಾಗ ಆಕೆ ಆಗಲೇ ದಣಿದಿದ್ದರು. ಟೇಪಮ್ಮ ದಿನದ ಮಾತು ತೆಗೆದೊಡನೆ ದೊಡ್ಡಸೊಸೆ ನಡುವೆ ಬಾಯಿಹಾಕಿ ಕೇಳಿದಳು.

"ಡಾಕ್ಟರೇ, ಇವಳಿಗೆ ಈಗಲೇ ಆಪರೇಷನ್ ಮಾಡೋಕೆ ಏನಾದ್ರೂ ಕಾರಣ ಇದೆಯಾ?"

ಡಾಕ್ಟರಮ್ಮ ಕಾಗದ ತಿರುವಿದರು. "ಇಲ್ಲ. ನಿಮ್ಮ ಮನೆಯವರು ಕೇಳ್ತಿದ್ದಾರೆ, ಅಷ್ಟೆ."

"ಕಾದ್ರೆ?"

"ಕಾಯೋದೇ ಒಳ್ಳೇದು. ಮಧ್ಯೆ ತೊಂದರೆ ಕಂಡ್ರೆ ಅವತ್ತೇ ಮಾಡ್ತೀವಿ."

ಇಷ್ಟೇ. ಉತ್ತರ ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ದೊಡ್ಡಸೊಸೆ ಮೇಜಿನ ಹತ್ತಿರಕ್ಕೆ ಬಂದಳು. "ಹೋದ ವರ್ಷ ನನಗೂ ನೀವೇ ಮಾಡಿದ್ರಿ. ಆಗ ಈ ಮಾತು ಯಾಕೆ ಹೇಳಲಿಲ್ಲ?"

ಡಾಕ್ಟರಮ್ಮ ಈಗ ಅವಳ ಮುಖವನ್ನು ಸರಿಯಾಗಿ ನೋಡಿದರು. ಗುರುತು ಹತ್ತಿತು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಹೇಳಬೇಕಿತ್ತು," ಎಂದರು. "ಎಲ್ಲರೂ ಗಟ್ಟಿ ಮನಸ್ಸು ಮಾಡ್ಕೊಂಡು ಬಂದಿದ್ರಿ. ಯಾರೂ ಏನೂ ಕೇಳಲಿಲ್ಲ."

"ಕೇಳಲಿಲ್ಲ ಅಂತ ಹೇಳಲಿಲ್ವಾ?"

ಕೇಳದವರ ಮತ್ತು ಹೇಳದವರ ನಡುವೆ ಒಂದು ಜೀವ ಹೋಗಿತ್ತು. ಇಷ್ಟು ಚಿಕ್ಕ ಕಾರಣಕ್ಕೆ ತನ್ನ ಮಗಳು ಹೋದಳೇ ಎನಿಸಿತು ದೊಡ್ಡಸೊಸೆಗೆ. ದೊಡ್ಡ ಕಾಯಿಲೆಯಿಂದ ಹೋಗಿದ್ದರೆ ಬೇರೆಯೇ ಸಂಕಟ. ಇದು ಹೊರಲಾರದ ಸಂಕಟ.

ಟೇಪಮ್ಮ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ ಚಿಕ್ಕಸೊಸೆಯ ಕಡೆ ತಿರುಗಿ, "ನೀನೇ ಹೇಳಮ್ಮ, ಏನು ಮಾಡೋಣ?" ಎಂದಳು. ಆ ಮನೆಗೆ ಬಂದ ಸೊಸೆಗೆ ಇಂಥ ಪ್ರಶ್ನೆ ಬಂದದ್ದು ಅದೇ ಮೊದಲು.

"ಕಾಯ್ತೀನಿ ಅತ್ತೆ," ಎಂದು ಅವಳು ದೊಡ್ಡಸೊಸೆಯ ಕೈ ಹಿಡಿದಳು. "ಆದ್ರೆ ಹೆರಿಗೆ ಕೋಣೆ ಒಳಗೆ ಅಕ್ಕ ನನ್ನ ಜೊತೆ ಇರಬೇಕು."

ಸೀಸನ್ ಜೋರಾಗಿ ಬಂತು. ಟೇಪಮ್ಮ ಅರ್ಧಕ್ಕರ್ಧ ಆರ್ಡರು ವಾಪಸ್ ಕಳಿಸಿದಳು. ಗಿರಾಕಿಗಳು ಮೂಗು ಮುರಿದರೆ, "ನಿಮ್ಮ ಮಗನ ಚಡ್ಡಿಗಿಂತ ನನ್ನ ಸೊಸೆ ಮುಖ್ಯ ಹೋಗ್ರೀ," ಎಂದು ಜಗಳಕ್ಕೇ ನಿಂತಳು. ಕೇಳಿದವರೆಲ್ಲ ನಕ್ಕರು. ದೊಡ್ಡಸೊಸೆಗೆ ನಗು ಬರಲಿಲ್ಲ. ಆ ಮಾತು ಒಂದು ವರ್ಷ ತಡವಾಗಿ ಬಂದಿತ್ತು.

ಒಂದು ದಿನ ಹೊತ್ತೇರುವಾಗ ಚಿಕ್ಕಸೊಸೆಗೆ ನೋವು ಬಂತು. ಅಂಗಡಿಗೆ ಬೀಗ ಬಿತ್ತು. ಹೆರಿಗೆ ಕೋಣೆಯಲ್ಲಿ ದೊಡ್ಡಸೊಸೆ ಅವಳ ಸೊಂಟ ಉಜ್ಜಿದಳು, ಕೈಹಿಡಿದು ನಡೆಸಿದಳು, ಅವಳು ಕೂಗಿದಾಗ "ಕೂಗಮ್ಮ, ಜೋರಾಗಿ ಕೂಗು" ಎಂದಳು. ನೋವು ತಡೆಯುವ ಮದ್ದನ್ನೂ ಕೇಳಿ ಕೊಡಿಸಿದಳು. ಸಂಜೆಯ ಹೊತ್ತಿಗೆ ಮಗುವಿನ ಎದೆಬಡಿತ ಇಳಿಯತೊಡಗಿತು. ಡಾಕ್ಟರಮ್ಮ ಓಡಿಬಂದು, ಬಸುರಿಯ ಮುಖದ ಹತ್ತಿರ ಬಗ್ಗಿ ಹೇಳಿದರು: ಮಗುವಿಗೆ ಸುಸ್ತಾಗುತ್ತಿದೆ, ಇನ್ನು ಕಾಯುವುದು ಸರಿಯಲ್ಲ, ಆಪರೇಷನ್ ಮಾಡೋಣವೇ? ಚಿಕ್ಕಸೊಸೆ "ಮಾಡಿ" ಎಂದು ತಾನೇ ಸಹಿ ಹಾಕಿದಳು.

ಗಂಡುಮಗು. ಹೊರಗೆ ಕೂತವರಿಗೂ ಕೇಳುವ ಹಾಗೆ ಅತ್ತಿತು.

"ಕೊನೆಗೂ ಆಪರೇಷನ್ನೇ ಆಯ್ತಲ್ಲೇ," ಎಂದಳು ಟೇಪಮ್ಮ, ಅಳುತ್ತಾ ನಗುತ್ತಾ.

"ಆಗ್ಲಿ ಅತ್ತೆ. ಇದು ಮಗುಗೋಸ್ಕರ ಆದದ್ದು," ಎಂದಳು ದೊಡ್ಡಸೊಸೆ.

ಟೇಪಮ್ಮ ಕೂಸನ್ನು ದೊಡ್ಡಸೊಸೆಯ ಕೈಗೆ ಕೊಟ್ಟಳು. ಅದರ ಎದೆ ಸಮವಾಗಿ ಏರಿಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತಾ ನಿಂತಳು.

"ನಿನ್ನದಕ್ಕೂ ಕಾಯಬಹುದಿತ್ತು ಕಣೆ," ಎಂದಳು ಟೇಪಮ್ಮ. "ನಿನ್ನ ಒಂದು ಮಾತು ಕೇಳಬಹುದಿತ್ತು. ನಾನು ಕೇಳಲಿಲ್ಲ."

ಹೋಗಲಿ ಬಿಡಿ ಅತ್ತೆ ಎನ್ನಲು ದೊಡ್ಡಸೊಸೆ ಬಾಯಿ ತೆರೆದಳು. ಆ ಮಾತು ಬರಲಿಲ್ಲ. ಬರುವ ಹಾಗೂ ಇರಲಿಲ್ಲ. ಕೂಸನ್ನು ಅತ್ತೆಯ ಮಡಿಲಿಗೆ ಮರಳಿಸಿ, ಹೊರಗಿನ ಬೆಂಚಿನ ಮೇಲೆ ಕೂತು, ಒಂದು ವರ್ಷದಿಂದ ಅಳದೇ ಉಳಿದದ್ದನ್ನೆಲ್ಲ ಅತ್ತಳು. ಬೆಂಚಿನ ಮೇಲಿದ್ದ ಅಪರಿಚಿತ ಹೆಂಗಸರು ಹತ್ತಿರ ಸರಿದು ಕೂತರು. ಯಾಕೆ ಎಂದು ಅವರು ಕೇಳಲಿಲ್ಲ.

ಅಕ್ಕ ತಂಗಿಯರೇ, ಅತ್ತೆಯರೇ, ಗಂಡಂದಿರೇ, ಇದನ್ನು ಓದಿ ಮಡಚಿಡಬೇಡಿ. ಸಿಸೇರಿಯನ್ ಬೇಕಾದಾಗ ಅದು ಜೀವ ಉಳಿಸುತ್ತದೆ. ಆಗ ಹೆದರಿ ತಡಮಾಡಬೇಡಿ. ಆದರೆ ಅಂಗಡಿಗಾಗಿ, ರಜೆಗಾಗಿ, ಮನೆಯವರ ಅನುಕೂಲಕ್ಕಾಗಿ, ದಿನ ತುಂಬದ ಕೂಸನ್ನು ಹೊರಗೆ ತೆಗೆಸಬೇಡಿ. ಆಪರೇಷನ್ ಎಂದೊಡನೆ ಡಾಕ್ಟರನ್ನು ಕೇಳಿ: ಯಾಕೆ? ಈಗಲೇ ಯಾಕೆ? ಕಾದರೆ ಏನಾಗುತ್ತದೆ? ಕೇಳಿದರೆ ಯಾರೂ ನಿಮ್ಮನ್ನು ತಿನ್ನುವುದಿಲ್ಲ. ಹೆರಿಗೆಯಾದ ಹೆಂಗಸಿಗೆ ಗಾಯ ಮಾಯುವವರೆಗೆ ವಿಶ್ರಾಂತಿ ಕೊಡಿ. ಎಲ್ಲಕ್ಕಿಂತ ಮೊದಲು, ಹೆರುವವಳನ್ನು ಕೂರಿಸಿಕೊಂಡು ಅವಳಿಗೆ ಏನು ಬೇಕೆಂದು ಕೇಳಿ. ಟೇಪಮ್ಮನ ಮನೆಯಲ್ಲಿ ಈಗ ಎಲ್ಲರಿಗೂ ಇದು ಗೊತ್ತು. ಅದನ್ನು ಕಲಿಯಲು ಅವರು ಒಂದು ಮಗುವನ್ನು ಕಳೆದುಕೊಂಡರು. ನಿಮ್ಮ ಮನೆಯ ಮಗು ಇನ್ನೂ ಹೊಟ್ಟೆಯಲ್ಲಿದೆ. ಇವತ್ತೇ ಕೇಳಿ.